ಉಕ್ಕಿನ ನಾಡಿನಲ್ಲಿ ಒಂದು ಚೂರಿಯ ಶೋಧ

ಹೈದರಾಬಾದಿನಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಬೀದಿಯುಂಟು. ಮುತ್ತಿಗೆ ಪತ್ಥರ್‌ಗಟ್ಟಿ, ಬಳೆಗೆ ಲಾಡ್ ಬಜಾರು, ಪಾತ್ರೆ ಪಡಗಗಳಿಗೆ ಬೇಗಂ ಬಜಾರು, ಹಳೆಯ ಪುಸ್ತಕಗಳಿಗೆ ಕೋಠಿ. ಇಲ್ಲಿಗೆ ಬಂದು ನೆಲಸಿದ ನಮ್ಮಂಥ ಕನ್ನಡಿಗರಿಗೆ ಈ ಭೂಪಟ ಎರಡು ಮೂರು ವರ್ಷಗಳಲ್ಲಿ ಬಾಯಿಪಾಠವಾಗಿಬಿಡುತ್ತದೆ. ಆದರೆ ಮಕ್ಕಳೊಡನೆ ಕಾಡಿನ ಅಂಚಿನಲ್ಲಿ ಒಂದು ರಾತ್ರಿ ಕಳೆಯಲು ತಕ್ಕ ಚೂರಿಯೊಂದು ಬೇಕೆಂದರೆ ಯಾವ ಬೀದಿ ಹಿಡಿಯಬೇಕು? ಈ ಪ್ರಶ್ನೆ ಕಳೆದ ಚಳಿಗಾಲದಲ್ಲಿ ನಮ್ಮ ನಾಲ್ಕು ಮನೆಗಳವರನ್ನು ಮೂರು ಭಾನುವಾರ ಅಲೆಸಿತು. ಅಲೆದದ್ದರಿಂದ ದೊರೆತ ತಿಳಿವಳಿಕೆಯನ್ನು ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ನಾಲ್ಕು ಮಾತು.

ನಾವು ಹೋಗಬೇಕೆಂದಿದ್ದುದು ಅನಂತಗಿರಿಗೆ. ನಗರದಿಂದ ಪಡುವಲಿಗೆ ಸುಮಾರು 80 ಕಿಲೋಮೀಟರು. ವಿಕಾರಾಬಾದಿನ ಪಕ್ಕದ ಬೆಟ್ಟಸಾಲು. ಕಲಬುರ್ಗಿಗೂ ಬೀದರಿಗೂ ರೈಲಿನಲ್ಲಿ ಹೋಗಿಬರುವ ನಮ್ಮವರಿಗೆ ವಿಕಾರಾಬಾದು ಹೊಸ ಹೆಸರಲ್ಲ. ವಾಡಿಯ ದಾರಿ ಒಂದು ಕಡೆಗೂ ಬೀದರಿನ ದಾರಿ ಇನ್ನೊಂದು ಕಡೆಗೂ ಕವಲೊಡೆಯುವ ಜಂಕ್ಷನ್ ಅದು. ಎಷ್ಟೋ ಸಲ ಅಲ್ಲಿ ಚಹಾ ಕುಡಿದಿದ್ದೇವೆ. ಇಳಿದು ಬೆಟ್ಟ ಹತ್ತಿದವರು ಮಾತ್ರ ಕಡಿಮೆ. ಬೆಟ್ಟದ ಮೇಲೆ ಅನಂತಪದ್ಮನಾಭಸ್ವಾಮಿಯ ಗುಡಿಯಿದೆ. ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ನಯಾಪುಲಿನ ಮೇಲೆ ಮೂಗು ಮುಚ್ಚಿಕೊಂಡು ಓಡುವ ಮಕ್ಕಳಿಗೆ ಅದೇ ಮೂಸಿಯ ತಾಯಿಮನೆಯನ್ನು ತೋರಿಸಬೇಕೆಂಬುದು ನಮ್ಮ ಆಸೆ. ಈಗಿನವರು ಇದನ್ನು ಚಾರಣವೆನ್ನುತ್ತಾರೆ. ನಮ್ಮ ಹಿರಿಯರು ಇದನ್ನೇ ಮಾಡಿ ಯಾವ ಹೆಸರನ್ನೂ ಇಡದೆ ಮನೆಗೆ ಬರುತ್ತಿದ್ದರು.

ಮಕ್ಕಳು ಸಾಮಾನಿನ ಪಟ್ಟಿ ಬರೆದರು. ಗುಡಾರ, ಹಗ್ಗ, ದೀಪ, ಅಕ್ಕಿ, ಅವಲಕ್ಕಿ, ಚಟ್ನಿಪುಡಿ, ನೀರಿನ ಡಬ್ಬ. ಇಷ್ಟರವರೆಗೆ ಎಲ್ಲರೂ ತಲೆಯಾಡಿಸಿದರು. ಪಟ್ಟಿಯ ಕೊನೆಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು “ಚೂರಿ, ಒಂದು” ಎಂದು ಬರೆದಿದ್ದಳು. ಅಲ್ಲಿಂದ ಚರ್ಚೆ ಹತ್ತಿತು. ಮನೆಯ ಅಜ್ಜಿ ಸುತರಾಂ ಒಪ್ಪಲಿಲ್ಲ. “ಊರು ಊರಲ್ಲ, ಮಕ್ಕಳ ಚೀಲದಲ್ಲಿ ಚೂರಿ ಇಟ್ಟು ಕಳಿಸುತ್ತೀರಾ?” ಎಂದು ಕೇಳಿದರು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಳ್ಳಿಯಲ್ಲಿ ಹತ್ತು ವರ್ಷದ ಹುಡುಗ ಕುಡುಗೋಲು ಹಿಡಿದು ಹೊಲಕ್ಕೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಮಹಾನಗರದಲ್ಲಿ ಅದೇ ವಯಸ್ಸಿನವನ ಚೀಲದಿಂದ ನಾಲ್ಕಂಗುಲದ ಅಲಗು ಹೊರಬಂದರೆ ನೋಡುವ ಕಣ್ಣೇ ಬೇರೆ. ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಕನ್ನಡ ಕಲಿಸಿದೆವು, ಹಬ್ಬ ಹುಣ್ಣಿಮೆ ಕಲಿಸಿದೆವು. ಆದರೆ ಅಲಗನ್ನು ಹಿಡಿಯುವ ಕೈಯನ್ನು ಕಲಿಸಲಿಲ್ಲ. ಅವರ ಪಾಲಿಗೆ ಚೂರಿಯೆಂದರೆ ಸಿನಿಮಾದ ಖಳನ ಕೈಯ ಆಯುಧ, ಇಲ್ಲವೆ ಹುಟ್ಟುಹಬ್ಬದ ಕೇಕಿಗೆ ಕೊಡುವ ಪ್ಲಾಸ್ಟಿಕ್ಕಿನ ಗರಗಸ.

ಅದು ಹಾಗಿರಲಿ. ಅಜ್ಜಿಯ ಒಪ್ಪಿಗೆ ದೊರೆಯುವ ಮೊದಲು ನಾವು ಚೂರಿಯ ವಿಚಾರ ಓದಲು ತೊಡಗಿದೆವು. ಓದುತ್ತ ಹೋದಂತೆ, ಉಕ್ಕಿನ ಕಥೆ ಹುಡುಕಿಕೊಂಡು ನಾವು ಎಲ್ಲಿಗೂ ಹೋಗಬೇಕಾದುದಿಲ್ಲ, ಅದರ ಅಂಗಳದಲ್ಲಿಯೇ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ ಎಂಬುದು ತಿಳಿದುಬಂತು.

1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಕಳುಹಿಸಿದನು. ಮರು ವರ್ಷ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬಾತನು ಅವುಗಳ ಮೇಲೆ ಪ್ರಬಂಧ ಓದಿದನು. ಅಲ್ಲಿಂದ ಆ ಉಕ್ಕಿಗೆ ‘ವೂಟ್ಜ್’ ಎಂಬ ಹೆಸರು ಯುರೋಪಿನಲ್ಲೆಲ್ಲ ಹಬ್ಬಿತು. ಈ ವಿಚಿತ್ರ ಶಬ್ದ ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಲ್ಲವರು ಬಹುಮಟ್ಟಿಗೆ ಒಪ್ಪಿದ್ದಾರೆ. ತೆಲುಗಿನಲ್ಲೂ ಅದು ಉಕ್ಕೇ. ಹೀಗಾಗಿ ಹೈದರಾಬಾದಿನಲ್ಲಿ ಕುಳಿತು ಈ ಹಿರಿಮೆಗಾಗಿ ಜಗಳವಾಡುವ ಕಾರಣವಿಲ್ಲ. ಅಣ್ಣತಮ್ಮಂದಿರ ಪಾಲಿನ ಆಸ್ತಿ. ವಿದ್ಯುತ್ತಿನ ವಿಷಯದಲ್ಲಿ ಹೆಸರು ಮಾಡಿದ ಮೈಕೆಲ್ ಫ್ಯಾರಡೆಯು ಅದಕ್ಕೆ ಮುಂಚೆ ಈ ಉಕ್ಕಿನ ಹಿಂದೆ ಬಿದ್ದಿದ್ದನು. ಆತನು ಕಮ್ಮಾರನ ಮಗ. 1819ರಿಂದ ಕೆಲವು ವರ್ಷ ಸ್ಟೋಡಾರ್ಟ್ ಎಂಬ ಚೂರಿ ಕತ್ತರಿಗಳ ಕುಶಲಿಯೊಡನೆ ಸೇರಿ, ನಮ್ಮ ಉಕ್ಕಿನ ಗುಟ್ಟೇನೆಂದು ಕಾಯಿಸಿ ಕರಗಿಸಿ ನೋಡಿದನು.

ನಿಜಾಮರ ರಾಜ್ಯದಲ್ಲಿ ಈ ಉಕ್ಕಿನ ತವರು ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಮ್ ಎಂಬ ಹಳ್ಳಿ. ಭೂಮಾಪನ ಕಾರ್ಯದಲ್ಲಿದ್ದ ವಾಯ್ಸಿ ಎಂಬ ವೈದ್ಯನು 1820ರ ಸುಮಾರಿನಲ್ಲಿ ಅಲ್ಲಿಯ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟನು. ಆತನು ತೀರಿಕೊಂಡ ಮೇಲೆ 1832ರಲ್ಲಿ ಅದು ಅಚ್ಚಾಯಿತು. ಇರಾನಿನ ವರ್ತಕರು ಅಷ್ಟು ದೂರದಿಂದ ಬಂದು ಆ ಹಳ್ಳಿಯಲ್ಲಿ ಬೀಡುಬಿಟ್ಟು, ಮುಂದೆ ನಿಂತು ಉಕ್ಕು ಮಾಡಿಸಿ, ತೂಕ ಹಾಕಿಸಿಕೊಂಡು ಒಯ್ಯುತ್ತಿದ್ದರಂತೆ. ಡಮಾಸ್ಕಸ್ಸಿನ ಖಡ್ಗವೆಂದು ಜಗತ್ತು ಹೊಗಳಿದ್ದರಲ್ಲಿ ದಖ್ಖನ್ನಿನ ಈ ಗಟ್ಟಿಗಳ ಪಾಲು ದೊಡ್ಡದು. ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನಿಟ್ಟು ಬಾಯಿ ಮುಚ್ಚಿ, ತಿದಿಯೂದಿ ಗಂಟೆಗಟ್ಟಲೆ ಕಾಯಿಸಿ, ನಿಧಾನವಾಗಿ ಆರಲು ಬಿಡುವುದು ಅದರ ಕ್ರಮ. ಮೈಸೂರು ಮತ್ತು ಸೇಲಂ ಸೀಮೆಗಳ ಕುಲುಮೆಗಳನ್ನು ಕಂಡವರು ಇನ್ನೊಂದು ಸೊಗಸಾದ ವಿವರ ಕೊಡುತ್ತಾರೆ: ಮೂಸೆಯೊಳಗೆ ಕಬ್ಬಿಣದ ಜೊತೆಗೆ ತಂಗಡಿ ಗಿಡದ ಕಟ್ಟಿಗೆಯ ಚೂರನ್ನೂ ಹಸಿರೆಲೆಗಳನ್ನೂ ಹಾಕುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರಿ, ನೂರಕ್ಕೆ ಒಂದೂವರೆಯ ಹತ್ತಿರಕ್ಕೆ ಬಂದಾಗ ಕಬ್ಬಿಣ ಉಕ್ಕಾಗುತ್ತಿತ್ತು. ತಂಗಡಿಯೆಂದರೆ ಬೇರಾವುದೂ ಅಲ್ಲ, ಬತುಕಮ್ಮ ಹಬ್ಬದಲ್ಲಿ ನೆರೆಮನೆಯ ತಾಯಂದಿರು ಒಟ್ಟುವ ಹಳದಿ ‘ತಂಗೇಡು’ ಹೂವು. ಈಗ ಅದೇ ತೆಲಂಗಾಣದ ರಾಜ್ಯಪುಷ್ಪ.

ಇಷ್ಟು ಓದಿದ ಮೇಲೆ ಮೊದಲನೆಯ ಭಾನುವಾರ ನಾವು ಹೋದದ್ದು ಅಂಗಡಿಗಲ್ಲ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ. 1951ರಲ್ಲಿ ದಿವಾನ್ ದೇವಡಿಯಲ್ಲಿ ಜವಾಹರಲಾಲ್ ನೆಹರೂ ಅವರಿಂದ ಆರಂಭವಾದ ಈ ಸಂಗ್ರಹ 1968ರಲ್ಲಿ ಮೂಸಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಎಲ್ಲರೂ ಹೊಡೆಯುವ ಗಡಿಯಾರದ ಮುಂದೆ ಗುಂಪುಗೂಡಿದಾಗ ನಾವು ಆಯುಧಗಳ ಕೋಣೆಗೆ ನುಗ್ಗಿದೆವು. ಖಡ್ಗ, ಕಠಾರಿ, ಬಾಕು, ಜಂಬಿಯಾ. ನೀರಿನಲ್ಲಿ ಗಾಳಿ ಆಡಿದಂಥ ಅಲೆಗಳು ಮೈಮೇಲೆ ಮೂಡಿದ ಅಲಗುಗಳು. ಆ ಅಲೆ ಬಣ್ಣ ಹಚ್ಚಿದ್ದಲ್ಲ, ಕೊರೆದದ್ದೂ ಅಲ್ಲ. ಉಕ್ಕಿನೊಳಗೆ ಇಂಗಾಲದ ಗಟ್ಟಿ ಕಣಗಳು ಸಾಲುಗೂಡಿ ನಿಂತದ್ದರಿಂದ ತಾನಾಗಿ ಎದ್ದದ್ದು. ಹುಡುಗರು ಬಾಯಿ ತೆರೆದು ನೋಡಿದರು. ಅಲ್ಲಿಂದ ಪಚ್ಚೆಕಲ್ಲಿನ ವಸ್ತುಗಳ ಕೋಣೆಗೆ ಬಂದರೆ ಜಹಾಂಗೀರನದೆನ್ನುವ ಬಾಕುವೂ ನೂರ್‌ಜಹಾನಳದೆನ್ನುವ ಹಣ್ಣು ಕೊಯ್ಯುವ ಚೂರಿಯೂ ಇವೆ. ಎರಡಕ್ಕೂ ರತ್ನಖಚಿತ ಶೃಂಗಾರ. ನಮ್ಮ ಹುಡುಗಿ ಎರಡನ್ನೂ ನೋಡಿ, “ನಮಗೆ ಬೇಕಾದದ್ದು ಅರಸನದಲ್ಲ, ಅರಸಿಯದು” ಎಂದಳು. ಆ ಮಾತು ನಮಗೆ ಬಹಳ ಹಿಡಿಸಿತು. ಇಡೀ ಸಂಗ್ರಹದಲ್ಲಿ ನಾವು ಕಂಡ ಅಲಗುಗಳಲ್ಲಿ ಬಹುಪಾಲು ಮನುಷ್ಯನನ್ನು ಕೊಲ್ಲಲು ಮಾಡಿದವು. ಹಣ್ಣು ಹೆಚ್ಚಲು ಮಾಡಿದ್ದು ಅಪರೂಪ. ಬಿಡಾರದ ಚೂರಿ ಆ ಅಪರೂಪದ ಜಾತಿಗೆ ಸೇರಿದ್ದು. ರತ್ನಗಳಿಲ್ಲದಿದ್ದರಾಯಿತು.

ಎರಡನೆಯ ಭಾನುವಾರ ಅಂಗಡಿಗಳ ಸರದಿ. ಮೊದಲು ಹೋದ ಅಂಗಡಿಯ ಹೆಸರು ಬೇಡ. ಒಳಗೆ ಕಾಲಿಟ್ಟೊಡನೆ ಮಾಲಿಕನು ಹನ್ನೆರಡಂಗುಲದ ಒಂದು ಭೀಮಕಾಯವನ್ನು ಗಾಜಿನ ಮೇಲೆ ಇಟ್ಟನು. ಬೆನ್ನಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಹಿಡಿಯ ಟೊಳ್ಳಿನಲ್ಲಿ ಬೆಂಕಿಕಡ್ಡಿ, ಗಾಳದ ಕೊಕ್ಕೆ. ಹುಡುಗರ ಕಣ್ಣು ಅರಳಿತು. ಈ ಟೊಳ್ಳು ಹಿಡಿಯ ಮೇಲೆಯೇ ಮೊದಲು ಎಚ್ಚರಿಕೆ ಹೇಳಬೇಕು. ಚೂರಿಯ ಅಲಗು ಹಿಡಿಯೊಳಗೆ ಎಷ್ಟು ದೂರ ಹೋಗಿದೆಯೆಂಬುದರ ಮೇಲೆ ಅದರ ಬಲ ನಿಂತಿದೆ. ಒಳಗೆ ಹೋಗುವ ಆ ಭಾಗಕ್ಕೆ ಬಾಲವೆನ್ನೋಣ. ಬಾಲ ಹಿಡಿಯ ತುದಿಯವರೆಗೂ ಹರಿದು, ಎರಡು ಪಕ್ಕದಲ್ಲಿ ಮರದ ಪಟ್ಟಿ ಕೂರಿಸಿ ಮೊಳೆ ಬಡಿದಿದ್ದರೆ ಅದು ಮುರಿಯುವುದು ಕಷ್ಟ. ಹಿಡಿ ಟೊಳ್ಳಾದರೆ ಬಾಲ ಗೇಣಿನಲ್ಲಿ ಕಾಲು ಪಾಲೂ ಇರಲಾರದು. ಒಂದು ದಿನ ಒತ್ತಿ ಹಿಡಿದಾಗ ಅಲಗು ಒಂದು ಕಡೆ, ಹಿಡಿ ಒಂದು ಕಡೆ.

ಎರಡನೆಯ ಅಂಗಡಿಯಲ್ಲಿ ಅಲೆ ಅಲೆ ಮೈಯ ‘ಡಮಾಸ್ಕಸ್’ ಚೂರಿಗಳು ಸಾಲಾಗಿ ಮಲಗಿದ್ದವು. ಹಿಂದಿನ ವಾರ ಸಾಲಾರ್ ಜಂಗಿನಲ್ಲಿ ನೋಡಿದ ಮೈಯೇ ಎಂದು ಮಕ್ಕಳಿಗೆ ಉತ್ಸಾಹ. ಆದರೆ ಎರಡಕ್ಕೂ ಹೆಸರು ಬಿಟ್ಟರೆ ನಂಟು ಕಡಿಮೆ. ಈಗ ಈ ಹೆಸರಿನಲ್ಲಿ ಮಾರುವವು ಎರಡು ಬಗೆಯ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬಡಿದು ಬೆಸೆದವು. ಒಳ್ಳೆಯ ಕುಶಲಿ ಮಾಡಿದರೆ ಒಳ್ಳೆಯ ಚೂರಿಯೇ ಆಗುತ್ತದೆ, ಸುಳ್ಳಲ್ಲ. ಆದರೆ ಅಗ್ಗದ ಮಾಲಿನಲ್ಲಿ ಯಾವ ಉಕ್ಕು ಯಾವುದಕ್ಕೆ ಬೆಸೆದಿದೆಯೆಂದು ಹೇಳುವವರಿಲ್ಲ. ಕೆಲವಂತೂ ಸಾದಾ ತಗಡಿನ ಮೇಲೆ ಆಮ್ಲದಿಂದ ಚಿತ್ರ ತೆಗೆದವು. ಅಲೆಗೆ ಹಣ ಕೊಡಬೇಡಿ, ಅಲಗಿಗೆ ಕೊಡಿ. ಅಲ್ಲಿಯೇ ಜಿಂಕೆಯ ಕೊಂಬಿನ ಹಿಡಿಯೆಂದು ಒಂದನ್ನು ಹೆಮ್ಮೆಯಿಂದ ತೋರಿಸಿದರು. ಜಿಂಕೆ ಕಡವೆಗಳ ಕೊಂಬಿನ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ನಿಜವಾದರೆ ಅಪರಾಧ, ಸುಳ್ಳಾದರೆ ಮೋಸ. ಎರಡೂ ನಮಗೆ ಬೇಡವಾಗಿತ್ತು.

ಮಡಚುವ ಚಾಕು ಸಾಲದೆ ಎಂದು ಕೇಳುವವರುಂಟು. ಜೇಬಿಗೆ ಅದೇ ಹಿತ, ಒಪ್ಪಿದೆವು. ಆದರೆ ಮಡಚುವ ಚಾಕುವಿಗೆ ಸಂದು ಇದೆ. ಸಂದಿನಲ್ಲಿ ಮಣ್ಣು, ಟೊಮೇಟೊ ರಸ, ಬೆಲ್ಲದ ಅಂಟು ಎಲ್ಲ ಸೇರಿಕೊಳ್ಳುತ್ತವೆ. ಕಾಡಿನ ಕತ್ತಲಲ್ಲಿ ತೊಳೆಯಲು ಆಗುವುದಿಲ್ಲ. ಒತ್ತಿ ಕೆಲಸ ಮಾಡುವಾಗ ಬೀಗ ಜಾರಿದರೆ ಅಲಗು ಮುಚ್ಚಿಕೊಳ್ಳುವುದು ಬೆರಳಿನ ಮೇಲೆಯೇ. ಮಡಚದ ಚೂರಿಗೆ ಈ ಎರಡು ಭಯವೂ ಇಲ್ಲ. ಒರೆಯಿಂದ ತೆಗೆ, ಕೊಯ್ಯಿ, ಒರಸು, ಒರೆಗೆ ಹಾಕು. ಮಕ್ಕಳಿಗೆ ಹೇಳಿಕೊಡುವುದಕ್ಕೂ ಇದೇ ಸುಲಭ.

ಇನ್ನು ಉದ್ದದ ಮಾತು. ಇಲ್ಲಿ ನಾವು ಮೊದಲು ಕೇಳಿಕೊಂಡ ಪ್ರಶ್ನೆ, ಅನಂತಗಿರಿಯಲ್ಲಿ ಈ ಚೂರಿಗೆ ಕೆಲಸವೇನು? ಅದು ಕಾದಿಟ್ಟ ಅರಣ್ಯ. ಇಲಾಖೆಯ ಅಪ್ಪಣೆಯಿಲ್ಲದೆ ಒಳಗೆ ರಾತ್ರಿ ಉಳಿಯುವಂತಿಲ್ಲ, ಮರದ ಕೊಂಬೆ ಕಡಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ನಾವು ಬಿಡಾರ ಗೊತ್ತುಮಾಡಿದ್ದು ಕಾಡಂಚಿನ ಒಂದು ತೋಟದಲ್ಲಿ. ಅಡಿಗೆಗೆ ಪುಟ್ಟ ಗ್ಯಾಸಿನ ಒಲೆ. ಮರ ಕಡಿಯುವುದೇ ನಿಷಿದ್ಧವಾದ ಮೇಲೆ ಮರ ಕಡಿಯುವ ಕತ್ತಿ ಏಕೆ? ಉಳಿಯುವ ಕೆಲಸ ಈರುಳ್ಳಿ ಹೆಚ್ಚುವುದು, ಹಗ್ಗ ಕತ್ತರಿಸುವುದು, ಪೊಟ್ಟಣ ಬಿಚ್ಚುವುದು, ಗುಡಾರದ ಗೂಟದ ಮೊನೆ ಸರಿಮಾಡುವುದು, ಬೇಕಾದರೆ ಗಾಯಕ್ಕೆ ಬಟ್ಟೆಯ ಪಟ್ಟಿ ಹರಿಯುವುದು. ಇಷ್ಟಕ್ಕೆ ನಿಮ್ಮ ಅಂಗೈಯಗಲದ ಅಲಗು, ಎಂದರೆ ಮೂರೂವರೆಯಿಂದ ನಾಲ್ಕೂವರೆ ಅಂಗುಲ, ಧಾರಾಳವಾಯಿತು. ಬೆನ್ನಿನ ದಪ್ಪ ಮೂರು ಮಿಲಿಮೀಟರಿನ ಸುತ್ತಮುತ್ತ ಇರಲಿ. ಐದಾರು ಮಿಲಿಮೀಟರಿನವು ಸೌದೆ ಸೀಳಬಲ್ಲವು. ಆದರೆ ಈರುಳ್ಳಿಯನ್ನು ಹೆಚ್ಚುವುದಿಲ್ಲ, ಒಡೆಯುತ್ತವೆ.

ಕಾನೂನಿನ ಮಾತು ಕೂಡ ಇಲ್ಲಿಯೇ ಹೇಳಬೇಕು, ಅಜ್ಜಿಯ ಭಯಕ್ಕೆ ಉತ್ತರ ಅದರಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗಿನ ನಿಯಮಗಳಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿ ಕಠಾರಿಗಳನ್ನು ಮಾರಕಾಯುಧಗಳ ವರ್ಗಕ್ಕೆ ಸೇರಿಸಿದ್ದಾರೆ. ಅಡಿಗೆ, ಬೇಸಾಯ, ಉದ್ಯೋಗಗಳಿಗೆಂದೇ ಮಾಡಿದ್ದಕ್ಕೆ ವಿನಾಯಿತಿ. ಮೊದಲಂಗಡಿಯ ಭೀಮಕಾಯವು ಈ ಗೆರೆಯ ಆಚೆಗಿತ್ತು. ನಾಲ್ಕಂಗುಲದ್ದು ಈಚೆಗಿದೆ. ಹಾಗೆಂದು ಸೊಂಟಕ್ಕೆ ಕಟ್ಟಿಕೊಂಡು ಚಾರ್ಮಿನಾರಿನ ಸುತ್ತ ತಿರುಗಬಹುದೆಂದಲ್ಲ. ಪಟ್ಟಣದಲ್ಲಿ ಅದರ ಜಾಗ ಒರೆಯಲ್ಲಿ, ಒರೆ ಬಟ್ಟೆಯ ಸುತ್ತಿನಲ್ಲಿ, ಸುತ್ತು ಅಡಿಗೆ ಸಾಮಾನಿನ ಚೀಲದ ತಳದಲ್ಲಿ, ಚೀಲ ಹಿರಿಯರ ಹೆಗಲಲ್ಲಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಲೇಬಾರದು. ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಬೇಕು.

ಇನ್ನೊಂದು ಕಾಯಿದೆ ಇದಕ್ಕಿಂತ ಮುಖ್ಯ, ಇದನ್ನು ಬಲ್ಲವರು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಆಯುಧ’ವೆಂದರೆ ಏನೆಂದು ವಿವರಿಸುವ ಸಾಲಿನಲ್ಲಿ ಬಂದೂಕು, ಬಿಲ್ಲು ಬಾಣ, ಬಲೆಗಳ ಜೊತೆಗೆ ಚೂರಿಯನ್ನೂ ಹೆಸರಿಸಿದ್ದಾರೆ, ಉದ್ದ ಅಗಲದ ರಿಯಾಯಿತಿ ಅಲ್ಲಿಲ್ಲ. ಅಭಯಾರಣ್ಯದೊಳಗೂ ರಾಷ್ಟ್ರೀಯ ಉದ್ಯಾನದೊಳಗೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆಯಿಲ್ಲದೆ ಆಯುಧ ಒಯ್ಯುವಂತಿಲ್ಲ. ನಲ್ಲಮಲದ ಅಮ್ರಾಬಾದ್ ಹುಲಿಧಾಮಕ್ಕೆ ಹೋಗುವವರೂ, ಚಿಲುಕೂರಿನ ಮೃಗವನಿಯಲ್ಲಿ ತಿರುಗಾಡುವವರೂ, ಬಂಜಾರಾ ಹಿಲ್ಸಿನ ಕೆ.ಬಿ.ಆರ್. ಉದ್ಯಾನದಲ್ಲಿ ಬೆಳಗಿನ ವಾಯುವಿಹಾರ ಮಾಡುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿಗೆ ಹೋಗುವಾಗ ಹಣ್ಣನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡರೆ ತೀರಿತು.

ಮೂರನೆಯ ಭಾನುವಾರ ಒಂದು ಕುಲುಮೆಯ ಮುಂದೆ ಕಳೆಯಿತು, ಮೂರರಲ್ಲಿ ಅದೇ ರಸವತ್ತಾದದ್ದು. ಹಳೆಯ ಊರಿನ ಒಂದು ಗಲ್ಲಿಯಲ್ಲಿ ವಯಸ್ಸಾದ ಕಮ್ಮಾರರೊಬ್ಬರು ಲಾರಿಯ ಕಮಾನುಪಟ್ಟಿಯಿಂದ ಕಟುಕರ ಕತ್ತಿ, ಕೊಯಿತ, ತೆಂಗಿನಕಾಯಿ ಸುಲಿಯುವ ಮೊನೆಗಳನ್ನು ಮಾಡುತ್ತಾರೆ. ನಮ್ಮದು ಅರೆಬರೆ ದಖನಿ, ಅವರದು ಸೊಗಸಾದ ದಖನಿ. ಚೂರಿಯ ಆಕಾರವನ್ನು ಕಾಗದದ ಮೇಲೆ ಬರೆದು ತೋರಿಸಿದೆವು. ಅವರು ಕಾಗದ ನೋಡಲಿಲ್ಲ, ಹುಡುಗಿಯ ಕೈ ನೋಡಿದರು. “ಹಿಡಿ ಈ ಕೈಗೋ, ನಿಮ್ಮ ಕೈಗೋ?” ಎಂದು ಕೇಳಿದರು. ಎರಡು ಅಂಗಡಿಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹಿಡಿ ದಪ್ಪವಾದರೆ ಚಿಕ್ಕ ಕೈಯಲ್ಲಿ ತಿರುಗುತ್ತದೆ. ತೆಳುವಾದರೆ ದೊಡ್ಡ ಕೈಗೆ ನೋವು. ನಾಲ್ಕು ಬೆರಳೂ ಹಿಡಿಯ ಮೇಲೆ ಪೂರ್ತಿ ಕೂಡಬೇಕು, ಹೆಬ್ಬೆರಳು ಬೆನ್ನಿನ ಮೇಲೆ ತಾನಾಗಿ ಬಂದು ನಿಲ್ಲಬೇಕು, ಬೆವರಿದಾಗ ಕೈ ಮುಂದಕ್ಕೆ ಜಾರಿ ಅಲಗಿಗೆ ತಾಗದಂತೆ ಮುಂಗಡೆ ಒಂದು ತಡೆ ಇರಬೇಕು.

ಅವರು ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಡಿದು ಆಕಾರ ತಂದರು. ಆಮೇಲೆ ಮತ್ತೆ ಕಾಯಿಸಿ, ಹಗ್ಗಕ್ಕೆ ಕಟ್ಟಿದ ಅಯಸ್ಕಾಂತದ ಚೂರನ್ನು ಹತ್ತಿರ ಹಿಡಿದರು. ಅಯಸ್ಕಾಂತ ಅಂಟಲಿಲ್ಲ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಬಗ್ಗುವುದಿಲ್ಲ. ಕುಲುಮೆಯಲ್ಲಿ ಉಷ್ಣಮಾಪಕವಿಲ್ಲದವರ ಮಾಪಕ ಅದೇ. ಕೂಡಲೆ ಎಣ್ಣೆಯಲ್ಲಿ ಅದ್ದಿದರು. ಈಗ ಅಲಗು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಡಸು. ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಅದಕ್ಕಾಗಿ ಉಜ್ಜಿ ಬೆಳ್ಳಗೆ ಮಾಡಿ ಮತ್ತೊಮ್ಮೆ ಮೆಲ್ಲಗೆ ಕಾಯಿಸಿದರು. ಬೆಳ್ಳಗಿನ ಮೈಮೇಲೆ ಒಣಹುಲ್ಲಿನ ಬಣ್ಣ ಹರಿದುಬರುತ್ತಲೇ ತೆಗೆದರು. ಇನ್ನೂ ಬಿಟ್ಟರೆ ನೇರಳೆ, ಆಮೇಲೆ ನೀಲಿ. ನೀಲಿ ಕಮಾನಿಗೆ ಸರಿ, ಚೂರಿಗೆ ಮೆತ್ತಗಾಯಿತು. ಗಟ್ಟಿತನ ಹೆಚ್ಚಾಗದೆ, ಬಾಗುಗುಣ ಹೆಚ್ಚಾಗದೆ ನಿಲ್ಲುವ ಆ ಒಂದು ಕ್ಷಣಕ್ಕೆ ಕನ್ನಡದಲ್ಲಿ ‘ಹದ’ವೆನ್ನುತ್ತೇವೆ. ಪಕ್ಕದಲ್ಲಿ ತಿದಿಯ ಚಕ್ರ ತಿರುಗಿಸುತ್ತಿದ್ದ ತೆಲುಗು ಹುಡುಗ ‘ಪದನು’ ಎಂದ. ನಮ್ಮ ಹಳಗನ್ನಡದ ‘ಪದ’ವೇ ಹದವಾಗಿದೆ, ತೆಲುಗಿನಲ್ಲಿ ಆ ಪಕಾರ ಉಳಿದುಕೊಂಡಿದೆ, ಹಾಲು ಪಾಲು, ಹುಲಿ ಪುಲಿಯಂತೆಯೇ. ಕಮ್ಮಾರರು ತಮ್ಮ ಭಾಷೆಯಲ್ಲಿ ‘ಆಬ್’ ಎಂದರು. ಆಬ್ ಎಂದರೆ ನೀರು, ಹೊಳಪು, ಅಲಗಿನ ಹದ, ಮೂರೂ. ಒಂದು ಕುಲುಮೆಯ ಮುಂದೆ ಮೂರು ಭಾಷೆ ಒಂದೇ ವಸ್ತುವನ್ನು ಮುಟ್ಟಿ ನೋಡಿದಂತಾಯಿತು.

ಹದ ಬಂದಿದೆಯೆಂದು ಕೊಳ್ಳುವವನು ತಿಳಿಯುವುದು ಹೇಗೆ? ಅವರು ತೋರಿಸಿದ ಎರಡು ಪರೀಕ್ಷೆಗಳನ್ನು ಯಾರೂ ಮಾಡಬಹುದು. ಒಳ್ಳೆಯ ಅರವನ್ನು ಅಲಗಿನ ಬಾಯಿಯ ಮೇಲೆ ಮೆಲ್ಲಗೆ ಎಳೆದರೆ ಕಚ್ಚದೆ ಜಾರಬೇಕು. ಕಚ್ಚಿ ಪುಡಿ ಉದುರಿಸಿದರೆ ಮೆತ್ತಗಿದೆ. ಎರಡನೆಯದು, ಹಿತ್ತಾಳೆಯ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆದರೆ ತೆಳುವಾದ ಅಂಚು ಕೊಂಚ ಬಾಗಿ ಮತ್ತೆ ನೆಟ್ಟಗಾಗಬೇಕು. ಬಾಗಿದ್ದು ಬಾಗಿಯೇ ಉಳಿದರೆ ಹದ ಇಳಿದಿದೆ, ಚಕ್ಕೆ ಎದ್ದರೆ ಹದ ಏರಿದೆ. ಕಾರ್ಖಾನೆಯ ಚೂರಿಗಳಿಗೆ ಈ ಗಟ್ಟಿತನವನ್ನು ರಾಕ್‌ವೆಲ್ ಎಂಬ ಮಾನದಲ್ಲಿ ಬರೆದಿರುತ್ತಾರೆ. 56ರಿಂದ 59ರ ನಡುವೆ ಇದ್ದರೆ ಬಿಡಾರಕ್ಕೆ ಒಪ್ಪುತ್ತದೆ. ಹಳೆಯ ಕಮಾನುಪಟ್ಟಿಯಲ್ಲಿ ಒಂದು ಅಪಾಯವುಂಟು: ಲಾರಿಯ ಕೆಳಗೆ ಲಕ್ಷ ಸಲ ಬಾಗಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಒಳ್ಳೆಯ ಕಮ್ಮಾರನು ಪಟ್ಟಿಯ ಮಧ್ಯವನ್ನು ಬಿಟ್ಟು ತುದಿಯನ್ನು ಆರಿಸುತ್ತಾನೆ, ಬಡಿದು ದನಿ ಕೇಳುತ್ತಾನೆ.

ಹಾಗಾದರೆ ಕಮ್ಮಾರರ ಚೂರಿಯೋ, ಕಾರ್ಖಾನೆಯ ತುಕ್ಕುಹಿಡಿಯದ ಉಕ್ಕಿನದೋ? ಇಲ್ಲಿ ನಮ್ಮ ನಾಲ್ಕು ಮನೆಗಳಲ್ಲಿ ಎರಡು ಪಕ್ಷವಾಯಿತು. ಸಾದಾ ಉಕ್ಕು ಬೇಗ ಹರಿತವಾಗುತ್ತದೆ, ಪೆಟ್ಟು ತಾಳುತ್ತದೆ. ಆದರೆ ನಮ್ಮ ಊಟ ಹುಳಿಯ ಊಟ. ನಿಂಬೆ, ಹುಣಿಸೆ, ಟೊಮೇಟೊ ತಾಗಿದ ಅರ್ಧ ಗಂಟೆಯಲ್ಲಿ ಅಲಗು ಕಪ್ಪಿಟ್ಟು, ಎರಡನೆಯ ಹೋಳಿಗೆ ಕಬ್ಬಿಣದ ರುಚಿ ಹತ್ತುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರಸಿ ಮಾಡಿದ ಉಕ್ಕಿನ ಹೊಸ ಗುಣ ಬೆಳಕಿಗೆ ಬಂದಾಗ ಆತನು ಪರೀಕ್ಷಿಸಿದ ವಸ್ತುಗಳಲ್ಲಿ ನಿಂಬೆರಸವೂ ಇತ್ತೆಂದು ಓದಿದ್ದೇವೆ. ನಮ್ಮ ಅಡಿಗೆಮನೆಗಳ ಪರವಾಗಿಯೇ ಪರೀಕ್ಷೆ ಮಾಡಿದಂತಿದೆ! ಮೊದಲ ಸಲ ಕೊಳ್ಳುವ ಕುಟುಂಬಕ್ಕೆ ನಮ್ಮ ಸಲಹೆ ತುಕ್ಕುಹಿಡಿಯದ್ದೇ. ಸ್ವೀಡನ್ನಿನ ಮೋರಾ ಎಂಬ ಊರಿನ ಹೆಸರು ಹೊತ್ತ ಚೂರಿಗಳು ಇಂಥವಕ್ಕೆ ಒಳ್ಳೆಯ ಮಾದರಿ: ನಾಲ್ಕಂಗುಲದ ತೆಳುವಾದ ಅಲಗು, ಜಾರದ ಹಿಡಿ, ಅಲಂಕಾರ ಸೊನ್ನೆ. ಅವುಗಳ ಬಾಲ ಸಾಮಾನ್ಯವಾಗಿ ಹಿಡಿಯ ತುದಿಯವರೆಗೆ ಹೋಗುವುದಿಲ್ಲ. ಆದರೂ ಟೊಳ್ಳು ಹಿಡಿಯ ದುರ್ಬಲತೆ ಅವಕ್ಕಿಲ್ಲ, ನಾವು ಹೇಳಿದ ಕೆಲಸಗಳಿಗೆ ಸಾಕು. ನಾವು ಅಂಥದೊಂದನ್ನು ತರಿಸಿಕೊಂಡೆವು, ಕಮ್ಮಾರರದನ್ನೂ ಬಿಡಲಿಲ್ಲ. ಹಿರಿಯರಿಗೆ ಕಮ್ಮಾರರದು, ಅಡಿಗೆಗೆ ಮೋರಾ. ಕೊಡಗಿನಿಂದ ಬಂದ ಮನೆಯವರಲ್ಲಿ ಬೆಳ್ಳಿಯ ಕೆಲಸದ ಹಳೆಯ ಪೀಚೆಕತ್ತಿಯೊಂದಿತ್ತು. ಅದನ್ನೂ ಒಯ್ಯೋಣವೆಂದು ಹುಡುಗರು ಗೋಗರೆದರು. ಮದುವೆಯ ದಿನ ನಡುವಿಗೆ ಸಿಕ್ಕಿಸಿಕೊಳ್ಳುವ ಮನೆತನದ ಅಲಗಿನಿಂದ ಈರುಳ್ಳಿ ಹೆಚ್ಚುವುದೆ? ಅದು ಪೆಟ್ಟಿಗೆಯಲ್ಲೇ ಉಳಿಯಿತು.

ಒರೆಯ ವಿಷಯ ಒಂದೇ ಮಾತು: ಚೂರಿಯನ್ನು ಒರೆಗೆ ಹಾಕಿ ತಲೆಕೆಳಗೆ ಹಿಡಿದು ಕೊಡವಿದರೆ ಬೀಳಬಾರದು. ಬಿದ್ದರೆ ಚೂರಿ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬೇಡಿ.

ಅಜ್ಜಿಯ ಒಪ್ಪಿಗೆ ದೊರೆತ ಬಗೆ ಬೇರೆ. ಹೊರಡುವ ವಾರ ಅವರು ತಮ್ಮ ಈಳಿಗೆ ಮಣೆ ಹಾಕಿಕೊಂಡು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಇಲ್ಲಿ ಅಲಗು ಅಲ್ಲಾಡುವುದಿಲ್ಲ, ಕಾಯಿ ಅಲ್ಲಾಡುತ್ತದೆ. ನಿನ್ನದರಲ್ಲಿ ಕಾಯಿ ಸುಮ್ಮನಿರುತ್ತದೆ, ಅಲಗು ಓಡುತ್ತದೆ. ಓಡುವುದರ ದಾರಿಯಲ್ಲಿ ಬೆರಳಿಡಬೇಡ” ಎಂದರು. ಚೂರಿ ಹಿಡಿಯುವ ವಿಚಾರವಾಗಿ ನಾವು ಓದಿದ ಯಾವ ಬರಹದಲ್ಲಿಯೂ ಇಷ್ಟು ಚೊಕ್ಕವಾದ ಪಾಠ ಸಿಕ್ಕಿರಲಿಲ್ಲ. ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ಇನ್ನೊಬ್ಬರು ಎತ್ತಿಕೊಳ್ಳಬೇಕು, ಇಲ್ಲವಾದರೆ ಜಗಳವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಿದ್ದುದನ್ನೂ ಅವರು ಹೇಳಿಕೊಟ್ಟರು. ಜಗಳದ ಮಾತು ಹೇಗೇ ಇರಲಿ, ಗಾಯವಂತೂ ತಪ್ಪುತ್ತದೆ. ಇದಕ್ಕೆ ನಾವು ಸೇರಿಸಿದ್ದು ಮೂರು: ಕುಳಿತೇ ಕೊಯ್ಯಬೇಕು, ಕೈ ಚಾಚಿ ಸುತ್ತ ತಿರುಗಿದರೆ ಯಾರಿಗೂ ತಾಗದಷ್ಟು ಜಾಗವಿರಬೇಕು, ಎದ್ದು ಒಂದು ಹೆಜ್ಜೆ ಇಡುವುದಾದರೂ ಮೊದಲು ಒರೆಗೆ ಹಾಕಬೇಕು.

ಅನಂತಗಿರಿಯಲ್ಲಿ ಆ ರಾತ್ರಿ ಚಳಿ ಚೆನ್ನಾಗಿತ್ತು. ಮರಗಳ ನಡುವೆ ಗುಡಿಯ ದೀಪ ಕಾಣುತ್ತಿತ್ತು. ನಾಲ್ಕು ಮನೆಯ ಮಕ್ಕಳು ವೃತ್ತವಾಗಿ ಕುಳಿತು ಈರುಳ್ಳಿ ಟೊಮೇಟೊ ಹೆಚ್ಚಿದರು. ಹೋಳು ಒಂದೊಂದು ಒಂದೊಂದು ಗಾತ್ರ, ಆದರೆ ರಕ್ತದ ಹನಿಯಿಲ್ಲ. ಬೆಳಿಗ್ಗೆ ಕಾಲುದಾರಿಯಲ್ಲಿ ಇಳಿಯುವಾಗ ಆಡು ಮೇಯಿಸುವ ಮುದುಕರೊಬ್ಬರು ಎದುರಾದರು. ಒಂದು ಮರಿಯ ಹಿಂಗಾಲಿಗೆ ಗಾಳಿಪಟದ ನೈಲಾನು ದಾರ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ಹಲ್ಲಿನಿಂದ ಕಚ್ಚಿ ನೋಡಿದ್ದರು, ಆಗಿರಲಿಲ್ಲ. “ಕತ್ತಿ ಉಂದಾ?” ಎಂದು ಕೇಳಿದರು. ಹುಡುಗಿ ಅಡಿಗೆ ಚೀಲದಿಂದ ಮೋರಾವನ್ನು ಒರೆಯ ಸಮೇತ ತೆಗೆದು, ಹುಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಮುದುಕರು ಒಂದು ಗಳಿಗೆ ಅವಳ ಮುಖ ನೋಡಿದರು, ಆಮೇಲೆ ಎತ್ತಿಕೊಂಡರು. ಅಲಗಿನ ಮೊನೆಯನ್ನು ದಾರದ ಕೆಳಗೆ ತೂರಿಸಿ ಹೊರಮುಖವಾಗಿ ಎತ್ತಿದ್ದಷ್ಟೆ, ದಾರ ಕಳಚಿತು. ಹನ್ನೆರಡಂಗುಲದ ಕತ್ತಿಗೆ ಆ ಸಂದಿನಲ್ಲಿ ಜಾಗವೇ ಇರುತ್ತಿರಲಿಲ್ಲ. ಮರಿ ಕುಂಟುತ್ತ ತಾಯಿಯ ಹತ್ತಿರ ಓಡಿತು; ಮುದುಕರು ಅಲಗನ್ನು ಪಂಚೆಯ ಅಂಚಿಗೆ ಒರಸಿ, ಒರೆಗೆ ಹಾಕಿ, ಹುಲ್ಲಿನ ಮೇಲೆಯೇ ಇಟ್ಟರು.

ಮನೆಗೆ ಬಂದ ಮೇಲಿನ ಆರೈಕೆ ಹೆಚ್ಚೇನಿಲ್ಲ. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಸಾದಾ ಉಕ್ಕಿನದಕ್ಕೆ ತೆಳುವಾಗಿ ಎಣ್ಣೆ ಸವರಿ ಇಡಬೇಕು. ಚರ್ಮದ ಒರೆ ತೇವ ಹಿಡಿಯುತ್ತದೆ, ಮಳೆಗಾಲದಲ್ಲಿ ಚೂರಿಯನ್ನು ಅದರೊಳಗೆ ಇಟ್ಟು ಮರೆಯಬೇಡಿ. ಕಾಗದದಲ್ಲಿ ಸುತ್ತಿ ಬೇರೆ ಇಡಿ. ಸಾಣೆಕಲ್ಲು ಬೇಗಂ ಬಜಾರಿನಲ್ಲಿ ಸಿಗುತ್ತದೆ, ಒಂದು ಕಡೆ ಒರಟು, ಒಂದು ಕಡೆ ನಯ. ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆಯವನು ಬಂದರೆ ಕತ್ತರಿ ಕೊಡಿ, ಒಳ್ಳೆಯ ಚೂರಿ ಕೊಡಬೇಡಿ. ಒಣ ಚಕ್ರದ ಕಿಡಿಯಲ್ಲಿ ಅಂಚು ಕಾದು ನೀಲಿಯಾದರೆ ಹದ ಹೋಯಿತು.

ಮುಂದಿನ ಚಳಿಗಾಲಕ್ಕೆ ಮಕ್ಕಳು ಭುವನಗಿರಿ ಎನ್ನುತ್ತಿದ್ದಾರೆ. ವರಂಗಲ್ಲಿನ ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಒಂದೇ ಬಂಡೆಯ ಮೇಲಿನ ಕೋಟೆ. ಕಲ್ಯಾಣದ ಚಾಲುಕ್ಯ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನ ಹೆಸರಿನಿಂದ ತ್ರಿಭುವನಗಿರಿಯಾಗಿ, ಆಮೇಲೆ ಭುವನಗಿರಿಯಾಯಿತೆನ್ನುತ್ತಾರೆ. ಅಲ್ಲಿ ಬಂಡೆಯೇರುವ ಶಿಕ್ಷಣವೂ ಉಂಟು. ಅದಕ್ಕೆ ಬೇಕಾದದ್ದು ಚೂರಿಯಲ್ಲ, ಹಗ್ಗ. ಹುಡುಗಿ ಆಗಲೇ ಹೊಸ ಪಟ್ಟಿ ಬರೆಯುತ್ತಿದ್ದಾಳೆ. ಅಜ್ಜಿ ಹಗ್ಗದ ಗಂಟುಗಳ ವಿಚಾರ ತಮಗೂ ಗೊತ್ತೆಂದು ಹೇಳುತ್ತಿದ್ದಾರೆ.